ಅರವತ್ತು ನಿಮಿಷಕ್ಕೆ ಹಿಡಿಸಿದಷ್ಟು

ಕ್ಯಾಸೆಟ್ಟಿನ ಗಾಲಿಗೆ ಪೆನ್ಸಿಲ್ ಸಿಕ್ಕಿಸಿದ ಚಿತ್ರವೊಂದು ವರ್ಷದಲ್ಲಿ ನಾಲ್ಕೈದು ಸಲವಾದರೂ ನನ್ನ ಫೋನಿಗೆ ಬರುತ್ತದೆ. ಇದು ಏನೆಂದು ಗೊತ್ತಿದ್ದವರೇ ಪುಣ್ಯವಂತರು ಎಂಬ ಅರ್ಥದ ಒಕ್ಕಣೆ ಅದರ ಕೆಳಗೆ. ಕಳಿಸುವವರೆಲ್ಲ ನನ್ನ ಓರಗೆಯವರು, ಎಂಬತ್ತರ ದಶಕದಲ್ಲಿ ಮೀಸೆ ಮೂಡಿದವರು. ಅವರ ಪುಣ್ಯದಲ್ಲಿ ನನಗೆ ಪಾಲು ಬೇಡ. ಅವರು ಕ್ಯಾಸೆಟ್ಟನ್ನು ಕೌಂಟರಿನ ಆಚೆ ನಿಂತು ನೋಡಿದವರು. ನಾನು ಈಚೆ ಕೂತು ನೋಡಿದವನು. ದಾವಣಗೆರೆಯಲ್ಲಿ ಕಾಲೇಜು ಓದುವಾಗ ಬಸ್ ನಿಲ್ದಾಣದ ಹತ್ತಿರದ ಓಣಿಯೊಂದರ ‘ರೆಕಾರ್ಡಿಂಗ್ ಸೆಂಟರ್’ನಲ್ಲಿ ಸಂಜೆ ಹೊತ್ತು ಕೆಲಸಕ್ಕಿದ್ದೆ. ಆಚೆಯವರಿಗೆ ಕಂಡದ್ದು ಹಾಡು. ಈಚೆಯವರಿಗೆ ಕಂಡದ್ದು ಟೇಪಿನ ಉದ್ದ.

ಆ ಕಸುಬನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಿರಾಕಿ ತನಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ತರುತ್ತಿದ್ದ. ಖಾಲಿ ಕ್ಯಾಸೆಟ್ ಅವನದೇ ಆದರೆ ತುಂಬಿಸಿದ ಕೂಲಿ ಮಾತ್ರ, ನಮ್ಮದಾದರೆ ಅದರ ಬೆಲೆಯೂ ಸೇರಿ. ಒಳಗೆ ಒಂದು ಟರ್ನ್‌ಟೇಬಲ್, ಎರಡು ಡೆಕ್, ಒಂದು ಆಂಪ್ಲಿಫೈಯರ್, ಗೋಡೆಯುದ್ದಕ್ಕೂ ಎಲ್‌ಪಿ, ಇಪಿ ಮತ್ತು ನಾವೇ ಮಾಡಿಟ್ಟುಕೊಂಡ ಮಾಸ್ಟರ್ ಕ್ಯಾಸೆಟ್ಟುಗಳು. ಹಾಡು ಇದ್ದಷ್ಟು ಹೊತ್ತೇ ತುಂಬಿಸಲೂ ಬೇಕು. ಸಿ-60 ಎಂದರೆ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಸಿನಿಮಾ ಹಾಡಿಗೆ ನಾಲ್ಕೂವರೆ ನಿಮಿಷ ಎಂದು ಹಿಡಿದರೆ ಒಂದು ಮಗ್ಗುಲಿಗೆ ಆರು ಹಾಡು. ಇಪ್ಪತ್ತೇಳು ನಿಮಿಷ ಹೋಯಿತು, ಮೂರು ಮಿಕ್ಕಿತು. ಏಳನೆಯ ಹಾಡು ಹಾಕಿದರೆ ಚರಣದ ನಡುವೆ ಕಟ್ಟಾಗುತ್ತದೆ. ಗಿರಾಕಿ ಮರುದಿನ ಬಂದು ಜಗಳ ತೆಗೆಯುತ್ತಾನೆ. ಖಾಲಿ ಬಿಟ್ಟರೆ ‘ಟೇಪ್ ವೇಸ್ಟ್ ಮಾಡೀರಿ’ ಎಂದು ಇನ್ನೊಂದು ಜಗಳ.

ಆ ಮೂರು ನಿಮಿಷಕ್ಕೆ ಮದ್ದು ನಮ್ಮ ಹಳೆಯ ಸರಕಿನಲ್ಲಿತ್ತು. 78 ಸುತ್ತಿನ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದೇ ಮೂರು ಚಿಲ್ಲರೆ ನಿಮಿಷ. ಹಾಗಾಗಿ ಐವತ್ತು, ಅರವತ್ತರ ದಶಕದ ಹಾಡುಗಳು ಬಹುಪಾಲು ಅಷ್ಟೇ ಉದ್ದ. ಪಿ. ಕಾಳಿಂಗರಾಯರದ್ದೊಂದು, ಪಿ.ಬಿ. ಶ್ರೀನಿವಾಸರ ಮೊದಮೊದಲಿನದ್ದೊಂದು ತೆಗೆದು ಆ ಸಂದಿಗೆ ತುರುಕಿದರೆ ಮಗ್ಗುಲು ಸರಿಯಾಗಿ ಮುಗಿಯುತ್ತಿತ್ತು. ಒಂದು ಯಂತ್ರದ ಮಿತಿಗೆಂದು ಗಿಡ್ಡವಾದ ಹಾಡು ಇನ್ನೊಂದು ಯಂತ್ರದ ಮಿಗತೆಗೆ ಸರಿಹೊಂದುತ್ತಿತ್ತು. ಗಿರಾಕಿ ಕೇಳದ ಹಾಡು ಹೀಗೆ ಅವನ ಮನೆ ಸೇರುತ್ತಿತ್ತು. ಫಾರ್ವರ್ಡ್ ಒತ್ತಿದರೆ ಬ್ಯಾಟರಿ ಇಳಿಯುತ್ತದೆ, ಟೇಪು ಸುತ್ತಿಕೊಳ್ಳುತ್ತದೆ ಎಂಬ ಅಂಜಿಕೆಗೆ ಅವನು ಅದನ್ನೂ ಕೇಳುತ್ತಿದ್ದ. ಕೆಲವು ತಿಂಗಳ ಮೇಲೆ ಬಂದು ‘ಲಾಸ್ಟಿಗೆ ಹಾಕಿದ್ರಲ್ಲ, ಆ ನಮೂನಿದು ಇನ್ನೂ ಒಂದೆರಡು ಹಾಕ್ರಿ’ ಅನ್ನುತ್ತಿದ್ದ. ಈಗ ಆತ ಎಲ್ಲಾದರೂ ಕೂತು ತನಗೆ ಚಿಕ್ಕಂದಿನಿಂದಲೂ ಹಳೆಯ ಹಾಡೆಂದರೆ ಪ್ರಾಣ ಎಂದು ಮೊಮ್ಮಕ್ಕಳಿಗೆ ಹೇಳುತ್ತಿರಬಹುದು. ಅವನ ಆ ಪ್ರಾಣ ಮೂರು ನಿಮಿಷದ ಖಾಲಿ ಟೇಪಿನಲ್ಲಿ ಹುಟ್ಟಿದ್ದು.

ನನ್ನ ಓರಗೆಯವರ ನೆನಪಿನ ಬರಹಗಳಲ್ಲಿ ಈ ಸಂಗತಿ ಬರುವುದಿಲ್ಲ. ಅಲ್ಲಿ ಎಲ್ಲರೂ ಒಳ್ಳೆಯ ಹಾಡನ್ನು ಹುಡುಕಿಕೊಂಡು ಹೋದವರೇ. ನಾನು ಕಂಡಂತೆ ಹಾಡುಗಳೇ ಸಿಕ್ಕ ಸಂದಿಯಲ್ಲಿ ನುಗ್ಗಿ ಜನರ ಹತ್ತಿರ ಹೋದವು. ಇದ್ದದ್ದು ಕಡಿಮೆ. ಹಾಗಾಗಿ ಇದ್ದದ್ದನ್ನೇ ಮತ್ತೆ ಮತ್ತೆ ಕೇಳಿದೆವು. ಮತ್ತೆ ಮತ್ತೆ ಕೇಳಿದ್ದು ಮನಸ್ಸಿನಲ್ಲಿ ಕೂತಿತು. ಕೂತದ್ದನ್ನು ಈಗ ಅಭಿರುಚಿ ಎಂದು ಕರೆದುಕೊಳ್ಳುತ್ತಿದ್ದೇವೆ.

ದಾವಣಗೆರೆ ಆಗಿನ್ನೂ ಹತ್ತಿ ಗಿರಣಿಗಳ ಊರು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಜನರ ಬಾಯಲ್ಲಿತ್ತು, ಗಿರಣಿಗಳು ಮಾತ್ರ ಕುಂಟತೊಡಗಿದ್ದವು. ದೀಪಾವಳಿ ಬೋನಸ್ಸಿನಲ್ಲಿ ಟೂ-ಇನ್-ಒನ್ ಕೊಂಡವರು ಹಬ್ಬ ಮುಗಿಯುವುದರೊಳಗೆ ಚೀಟಿ ಹಿಡಿದು ಬರುತ್ತಿದ್ದರು. ಪೂನಾ–ಬೆಂಗಳೂರು ರಸ್ತೆಯ ಲಾರಿ, ಬಸ್ಸುಗಳ ಡ್ರೈವರುಗಳದ್ದು ಬೇರೆಯೇ ಲೆಕ್ಕ. ಅವರಿಗೆ ಸಿ-90 ಬೇಕು, ಡ್ಯುಯೆಟ್ ಬೇಕು. ‘ಸ್ಲೋ ಹಾಡು ಬ್ಯಾಡ್ರಿ, ರಾತ್ರಿ ನಿದ್ದಿ ಬರತೈತಿ’ ಎಂದು ಖಡಾಖಂಡಿತವಾಗಿ ಹೇಳುತ್ತಿದ್ದರು. ತೊಂಬತ್ತು ನಿಮಿಷ ಅದೇ ಡಬ್ಬಿಯಲ್ಲಿ ಹಿಡಿಸಬೇಕಾದ್ದರಿಂದ ಸಿ-90ಯ ಟೇಪು ತೆಳ್ಳಗೆ. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಎಳೆದುಕೊಂಡು ಕರುಳು ಹೊರಹಾಕುತ್ತಿತ್ತು. ಅದನ್ನು ಕತ್ತರಿಸಿ ಅಂಟಿಸಿ ಕೊಟ್ಟರೆ ಹಾಡಿನ ನಡುವೆ ಒಂದು ಸಾಲು ಮಾಯ. ಆ ಸಾಲಿಲ್ಲದ ಹಾಡನ್ನೇ ಕಲಿತು ಹಾಗೆಯೇ ಹಾಡುತ್ತಿದ್ದ ಕ್ಲೀನರುಗಳಿದ್ದರು.

ನಾವು ಮಾಡುತ್ತಿದ್ದುದು ಕಾನೂನಿನ ಕಣ್ಣಿನಲ್ಲಿ ಕಳ್ಳತನ. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ ನಕಲು ಕ್ಯಾಸೆಟ್ಟಿಗೆ ಶಿಕ್ಷೆ ಬಿಗಿಯಾಗಿತ್ತು. ಆದರೂ ಇಂಥ ಅಂಗಡಿಗಳು ಬೋರ್ಡು ಹಾಕಿ, ಊದುಬತ್ತಿ ಹಚ್ಚಿಕೊಂಡೇ ನಡೆಯುತ್ತಿದ್ದವು. ಚೀಟಿಯಲ್ಲಿದ್ದ ಹಾಡುಗಳನ್ನು ಬರೆದವರಿಗಾಗಲೀ ಹಾಡಿದವರಿಗಾಗಲೀ ಆ ಕೂಲಿಯಲ್ಲಿ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಸುವರ್ಣಯುಗದ ಬಗ್ಗೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚೀಟಿಗಳನ್ನು ಓದಿ ಓದಿ ನನಗೆ ಕನ್ನಡ ಸಿನಿಮಾ ಸಂಗೀತದ ಚರಿತ್ರೆ ಅಷ್ಟಿಷ್ಟು ತಿಳಿದದ್ದು. ‘ರಾಜ್‌ಕುಮಾರ್ ಹಾಡುಗಳು’ ಎಂದು ಬರೆದ ಚೀಟಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಪಿ.ಬಿ. ಶ್ರೀನಿವಾಸ್ ಹಾಡಿದ್ದೋ, ಅಣ್ಣಾವ್ರೇ ಹಾಡಿದ್ದೋ? ಆ ಗೆರೆ ಬಿದ್ದದ್ದು 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಚಿತ್ರದಿಂದ. ಜಿ.ಕೆ. ವೆಂಕಟೇಶ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ, ಎಮ್ಮೆಯ ಮೇಲೆ ಕೂತ ರಾಜ್‌ಕುಮಾರ್. ಅದಕ್ಕೆ ಮೊದಲು 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜತೆ ಅವರು ಹಾಡಿದ್ದುಂಟು, ಆದರೆ ಅದು ರೂಢಿಯಾಗಿರಲಿಲ್ಲ. 1974ರ ನಂತರ ಅವರು ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಹಾಡಿದರು. 1992ರ ‘ಜೀವನ ಚೈತ್ರ’ದಲ್ಲಿ ಉಪೇಂದ್ರ ಕುಮಾರ್ ಸಂಗೀತಕ್ಕೆ ಹಾಡಿ ಗಾಯಕರಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಹದಿನೈದಿಪ್ಪತ್ತು ವರ್ಷ ರಾಜ್‌ಕುಮಾರ್ ಅವರ ಹಾಡಿನ ಕಂಠವಾಗಿದ್ದ ಶ್ರೀನಿವಾಸರಿಗೆ ಆ ಕೆಲಸ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ನಮ್ಮ ಗಿರಾಕಿಗಳಲ್ಲಿ ಈ ಬಗ್ಗೆ ದುಃಖವೇನೂ ಕಾಣಲಿಲ್ಲ. ಗಿರಣಿಯವರು ‘ಅಣ್ಣಾವ್ರ ದನಿ’ ಎಂದು ಪಟ್ಟು ಹಿಡಿಯುತ್ತಿದ್ದರು. ಮೇಷ್ಟರುಗಳು, ಬ್ಯಾಂಕಿನವರು ಶ್ರೀನಿವಾಸರನ್ನು ಕೇಳುತ್ತಿದ್ದರು. ಒಂದೇ ನಟನ ಎರಡು ದನಿಗಳನ್ನು ಒಂದೇ ಟೇಪಿನಲ್ಲಿ ಬೆರೆಸಿ ಕೊಟ್ಟರೆ ಎರಡೂ ಕಡೆಯವರಿಗೆ ಸಮಾಧಾನ ಇರುತ್ತಿರಲಿಲ್ಲ. ಈಗ ರಾಜ್ ಹಾಡುಗಳ ಯಾವ ಪಟ್ಟಿ ನೋಡಿದರೂ ಎರಡೂ ಬೆರೆತೇ ಇವೆ, ತಕರಾರು ತೆಗೆಯುವವರಿಲ್ಲ. ಕಾಲ ಕೆಲವು ಜಗಳಗಳನ್ನು ತೀರ್ಪು ಕೊಡದೆಯೇ ವಜಾ ಮಾಡುತ್ತದೆ.

ಮೇಷ್ಟರುಗಳ ಚೀಟಿಯಲ್ಲಿ ಇನ್ನೊಂದು ಜಾತಿಯ ಹಾಡು ಇರುತ್ತಿತ್ತು: ಭಾವಗೀತೆ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದೇ ಅದಕ್ಕೆ ಹೆಸರು. ಕವಿತೆಯನ್ನು ಹಾಡುವುದು ಹೊಸದಲ್ಲ. ಕಾಳಿಂಗರಾಯರು ಅದನ್ನು ದಶಕಗಳ ಹಿಂದೆಯೇ ವೇದಿಕೆಗೂ ತಟ್ಟೆಗೂ ತಂದಿದ್ದರು. ಹೊಸದಾಗಿದ್ದದ್ದು ಆ ಡಬ್ಬಿ. ತಟ್ಟೆ ಒತ್ತಿಸುವುದು ದೊಡ್ಡ ಕಂಪನಿಯ, ದೊಡ್ಡ ಬಂಡವಾಳದ ಮಾತು. ಕ್ಯಾಸೆಟ್ಟು ಮಾಡಲು ಬೆಂಗಳೂರಿನ ಸಣ್ಣ ಕಂಪನಿಗೂ ಸಾಧ್ಯವಾಯಿತು. ಸಿನಿಮಾದ ಹಂಗಿಲ್ಲದೆ, ಕವಿತೆಯನ್ನೇ ನಂಬಿ ಹತ್ತು ಹಾಡು ಮಾರಬಹುದು ಎಂದು ಗೊತ್ತಾದದ್ದು ಆಗ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲೇ ಪುಸ್ತಕವಾಗಿತ್ತು. ಪುಸ್ತಕ ಹೋಗದ ಮನೆಗಳಿಗೆ ಅದನ್ನು ತಲುಪಿಸಿದ್ದು ಸಿ. ಅಶ್ವತ್ಥ್ ರಾಗ ಹಾಕಿದ ಕ್ಯಾಸೆಟ್ಟು. ಶಿಶುನಾಳ ಶರೀಫರ ಪದಗಳು ಹುಬ್ಬಳ್ಳಿ ಕಡೆಯ ಭಜನೆಗಳಿಂದ ಮೈಸೂರು ಕಡೆಯ ನಡುಮನೆಗೆ ಬಂದದ್ದರಲ್ಲೂ ಅಶ್ವತ್ಥರ ಪಾಲು ದೊಡ್ಡದು.

ಗಮನಿಸಬೇಕಾದದ್ದು ಇವರ ಹೊಟ್ಟೆಪಾಡು. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ನೌಕರಿ ಮಾಡಿಕೊಂಡೇ ಹಾಡಿದವರು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಆ ಗೌರವ ಪಡೆದ ಮೊದಲ ಕನ್ನಡಿಗ ಗಾಯಕರೆನಿಸಿದ ಶಿವಮೊಗ್ಗ ಸುಬ್ಬಣ್ಣ ವಕೀಲರು. ಆ ಕಾಲದಲ್ಲಿ ಕಲೆಗೆ ಬೆಲೆ ಇತ್ತು ಎನ್ನುವವರು ಈ ಎರಡು ಉದ್ಯೋಗಗಳನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಇನ್ನು ಭಾವಗೀತೆಯ ಮೇಲೆ ಆಗ ಎಲ್ಲರಿಗೂ ಪ್ರೀತಿಯೇ ಇತ್ತೆಂಬುದೂ ಸುಳ್ಳು. ರಾಗ ಕವಿತೆಯನ್ನು ನುಂಗುತ್ತದೆ, ಅಶ್ವತ್ಥರ ದನಿ ಮೃದು ಕವಿತೆಗೆ ಭಾರ ಎಂಬ ಮಾತು ನಮ್ಮ ಅಂಗಡಿಯ ಬೆಂಚಿನ ಮೇಲೆಯೇ ಎಷ್ಟೋ ಸಲ ಆಗಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆದು ಜನ ಕಿಕ್ಕಿರಿದಾಗ ಆ ಮಾತು ಆಡಿದವರು ಎಲ್ಲಿದ್ದರೋ.

1987ರಲ್ಲಿ ‘ಪ್ರೇಮಲೋಕ’ ಬಂದು ನಮ್ಮ ಅಂಗಡಿಯ ಬುಡಕ್ಕೆ ಏಟು ಹಾಕಿತು. ರವಿಚಂದ್ರನ್ ಚಿತ್ರ, ಹಂಸಲೇಖ ಅವರದೇ ಸಾಹಿತ್ಯ, ಅವರದೇ ಸಂಗೀತ. ಹಾಡುಗಳ ಸಂಖ್ಯೆ ಹತ್ತು ದಾಟಿತ್ತು. ಅದರಲ್ಲಿ ಹಾಡು ಎಂದರೆ ಬಿಡಿ ಹಾಡಲ್ಲ. ಹುಡುಗ ಕೇಳುತ್ತಾನೆ, ಹುಡುಗಿ ತಿರುಗಿ ಹೇಳುತ್ತಾಳೆ, ಗೆಳೆಯರ ಗುಂಪು ನಡುವೆ ಬಾಯಿ ಹಾಕುತ್ತದೆ. ಕಾಲೇಜಿನ ಕಟ್ಟೆಯ ಮೇಲಿನ ಮಾತೇ ತಾಳಕ್ಕೆ ಕೂತಿತ್ತು. ಒಂದನ್ನು ಕಿತ್ತು ಇನ್ನೊಂದು ಚಿತ್ರದ ಹಾಡಿನ ಪಕ್ಕ ಇಟ್ಟರೆ ಕತೆ ಹರಿಯುತ್ತಿತ್ತು. ಹಾಗಾಗಿ ಜನರಿಗೆ ಇಡೀ ಕ್ಯಾಸೆಟ್ಟೇ ಬೇಕಾಯಿತು. ಇಡೀ ಕ್ಯಾಸೆಟ್ಟೇ ಬೇಕಾದ ಮೇಲೆ ನಮ್ಮ ಹತ್ತಿರ ಒಂದು ಗಂಟೆ ಕಾದು ನಕಲು ಮಾಡಿಸುವುದೇಕೆ? ಹೊಸ ಕಂಪನಿಗಳ ಪೈಪೋಟಿಯಿಂದ ಕ್ಯಾಸೆಟ್ಟಿನ ಬೆಲೆ ಇಳಿದಿತ್ತು. ಲಹರಿ ಕಂಪನಿಯ ಅಸಲಿ ಕ್ಯಾಸೆಟ್ಟು ಅಂಗಡಿ ಅಂಗಡಿಯಲ್ಲೂ ಸಿಗುತ್ತಿತ್ತು. ಪೊಲೀಸರಿಗೂ ಕಾಯ್ದೆಗೂ ಆಗದ ಕೆಲಸವನ್ನು ಹಂಸಲೇಖ ಒಂದು ಆಲ್ಬಮ್ಮಿನಲ್ಲಿ ಮಾಡಿದರು. ಅಂಗಡಿಯ ಯಜಮಾನರು ಸಿನಿಮಾ ನೋಡದೆಯೇ ಅದನ್ನು ಬೈಯುತ್ತಿದ್ದುದಕ್ಕೆ ಕಾರಣ ಸಂಗೀತವಲ್ಲ.

ಸಂಗೀತದ ಕಾರಣಕ್ಕೆ ಬೈದವರು ಮೇಷ್ಟರುಗಳು. ಇದು ಹಾಡೋ ಮಾತೋ, ನಡುನಡುವೆ ಇಂಗ್ಲಿಷ್ ಯಾಕೆ, ರಾಜನ್–ನಾಗೇಂದ್ರರ ಮಾಧುರ್ಯ ಎಲ್ಲಿ ಹೋಯಿತು ಎಂದು ಅವರ ಕೊರಗು. ‘ಎರಡು ಕನಸು’, ‘ಬಯಲು ದಾರಿ’, ‘ಹೊಂಬಿಸಿಲು’ ಬಂದು ಆಗಿನ್ನೂ ಹತ್ತು ಹನ್ನೆರಡು ವರ್ಷವಷ್ಟೇ ಆಗಿತ್ತು. ಆಗಲೇ ಅವು ಪುರಾತನ ಸಂಪತ್ತಾಗಿದ್ದವು. ಈಗ ‘ಪ್ರೇಮಲೋಕ’ದ ಹಾಡುಗಳೇ ಎಫ್ಎಂನಲ್ಲಿ ಹಳೆಯ ಇಂಪಿನ ಗಂಟೆಯಲ್ಲಿ ಬರುತ್ತವೆ. ಅದನ್ನು ಕೇಳುತ್ತ ಇವತ್ತಿನ ಹಾಡುಗಳನ್ನು ಬೈಯುವವರು ಅಂದು ಬೈಸಿಕೊಂಡ ಹುಡುಗರು. ಈ ಬೈಗುಳದ ಸರದಿ ಗಡಿಯಾರದಷ್ಟು ಕರಾರುವಾಕ್ಕಾಗಿ ನಡೆಯುತ್ತದೆ. 2006ರ ಕೊನೆಗೆ ‘ಮುಂಗಾರು ಮಳೆ’ ಬಂದು, ಜಯಂತ ಕಾಯ್ಕಿಣಿ ಬರೆದು ಮನೋಮೂರ್ತಿ ರಾಗ ಹಾಕಿದ ಹಾಡನ್ನು ಸೋನು ನಿಗಮ್ ಹಾಡಿದಾಗ, ಮುಂಬೈಯವರ ಬಾಯಲ್ಲಿ ಕನ್ನಡ ಕೆಡುತ್ತದೆ ಎಂದವರಿದ್ದರು. ಇಷ್ಟರಲ್ಲಿ ಅದೂ ‘ನಮ್ಮ ಕಾಲದ ಹಾಡು’ ಆಗಿದೆ.

ಕ್ಯಾಸೆಟ್ಟಿನ ದಿನಗಳಲ್ಲಿ ಊರಿಗೆ ಊರೇ ಒಂದು ಹಾಡನ್ನು ಕೇಳುತ್ತಿತ್ತು, ಈಗ ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಎಂಬ ಮಾತನ್ನು ನಾನೂ ಬಹಳ ದಿನ ಒಪ್ಪಿಕೊಂಡಿದ್ದೆ. ಎರಡು ಸಾವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಅಷ್ಟು ಸರಳವಲ್ಲ ಅನ್ನಿಸುತ್ತದೆ.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಶಂಕರ್ ನಾಗ್ ಸತ್ತದ್ದು ನಮ್ಮೂರಿನ ಹತ್ತಿರದ ಆನಗೋಡಿನಲ್ಲಿ, ಹೆದ್ದಾರಿಯ ಅಪಘಾತದಲ್ಲಿ. ಅವರಿಗಿನ್ನೂ ಮೂವತ್ತೈದು. ಸುದ್ದಿ ಮೊದಲು ಮುಟ್ಟಿದ್ದು ಆಟೋ ನಿಲ್ದಾಣಗಳಿಗೆ. ‘ಆಟೋ ರಾಜ’ನ ಚಿತ್ರ ಅಂಟಿಸಿಕೊಂಡಿದ್ದ ಗಾಡಿಗಳವು. ಆ ವಾರ ನಮ್ಮಲ್ಲಿಗೆ ಬಂದವರೆಲ್ಲ ಕೇಳಿದ್ದು ‘ಗೀತಾ’ ಚಿತ್ರದ ಹಾಡು, ಇಳಯರಾಜಾ ಸಂಗೀತದ್ದು, 1981ರದು. ಒಂದು ಡೆಕ್ಕಿನಲ್ಲಿ ಒಂದು ಗಂಟೆಗೆ ಒಂದೇ ಕ್ಯಾಸೆಟ್ ತುಂಬಿಸಬಹುದು. ಹಗಲೂ ರಾತ್ರಿ ಓಡಿಸಿದರೂ ಕೇಳಿದವರಿಗೆಲ್ಲ ಕೊಡಲಾಗಲಿಲ್ಲ. ಕೆಲವರು ದಿನ ಬಿಟ್ಟು ಬಂದು ಒಯ್ದರು. ಅಷ್ಟರಲ್ಲಿ ಅಳು ಆರಿತ್ತು. ಕ್ಯಾಸೆಟ್ಟು ಅಳುವಿಗೆ ತಡವಾಗಿ ತಲುಪುವ ವಸ್ತು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ‘ರಾಜಕುಮಾರ’ ಚಿತ್ರದ ಗೊಂಬೆಯ ಹಾಡು, ವಿಜಯ ಪ್ರಕಾಶ್ ಹಾಡಿದ್ದು, ಸಂಜೆಯಾಗುವುದರೊಳಗೆ ಕನ್ನಡದವರ ಫೋನುಗಳಲ್ಲೆಲ್ಲ ಇತ್ತು. ಚಹಾ ಅಂಗಡಿ, ಬಸ್ಸು, ಅಮೆರಿಕದ ಕನ್ನಡ ಕೂಟ, ಹಳ್ಳಿಯ ಚೌಕದಲ್ಲಿ ಕಟ್ಟಿದ ಫ್ಲೆಕ್ಸಿನ ಕೆಳಗಿನ ಸ್ಪೀಕರು, ಎಲ್ಲೆಡೆ ಅದೇ. ಇಷ್ಟು ಜನ ಇಷ್ಟು ಕಡಿಮೆ ಹೊತ್ತಿನಲ್ಲಿ ಒಂದೇ ಕನ್ನಡ ಹಾಡು ಕೇಳಿದ್ದನ್ನು ನಾನಂತೂ ಇನ್ನೊಂದು ಸಲ ಕಂಡಿಲ್ಲ. ಅದನ್ನು ಯಾರೂ ತುಂಬಿಸಿ ಕೊಡಬೇಕಾಗಿರಲಿಲ್ಲ. ನಾಡಿಗೆ ನಾಡೇ ಕೂಡಿ ಕೇಳುವುದು ನಿಂತಿಲ್ಲ ಎಂದು ಅಂದು ಮನವರಿಕೆಯಾಯಿತು. ನಿಂತದ್ದು ಬೇರೆ ಏನೋ.

ಅದೇನೆಂದು ತಿಳಿಯಬೇಕಾದರೆ ಅಂಗಡಿ ಮುಚ್ಚಿದ ಕತೆಗೆ ಬರಬೇಕು. ಸಿಡಿ ಬಂದಾಗಲೂ ನಾವು ಹೇಗೋ ಉಳಿದೆವು. ನಂತರ ಫುಟ್‌ಪಾತಿನಲ್ಲಿ ಎಂಪಿ-3 ಸಿಡಿ ಬಂತು. ಒಂದು ತಟ್ಟೆಯಲ್ಲಿ 700 ಎಂಬಿ, ಹಾಡಿಗೆ ನಾಲ್ಕೈದು ಎಂಬಿ ಎಂದರೆ ನೂರೈವತ್ತರ ಹತ್ತಿರ ಹಾಡು. ನಾನು ಆಗಲೇ ಬೇರೆ ಕೆಲಸ ಹಿಡಿದು ಊರು ಬಿಟ್ಟಿದ್ದೆ. ಊರಿಗೆ ಹೋದಾಗ ನೋಡಿದರೆ ನಮ್ಮ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ. ಅಲ್ಲೊಬ್ಬ ಹುಡುಗ ಕಂಪ್ಯೂಟರಿನ ಮುಂದೆ ಕೂತು ಜನರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುತ್ತಿದ್ದ. ಕಸುಬು ಅದೇ, ಕಾನೂನಿನ ಸ್ಥಿತಿಯೂ ಅದೇ. ಒಂದೇ ವ್ಯತ್ಯಾಸ: ಚೀಟಿ ಇರಲಿಲ್ಲ. ‘ಏನ್ ಹಾಕ್ಲಿ?’ ಅಂದರೆ ‘ಹಳೇವು ಹಾಕು’ ಅನ್ನುತ್ತಿದ್ದರು. ಅವನು ಒಂದು ಫೋಲ್ಡರನ್ನು ಎಳೆದು ಬಿಡುತ್ತಿದ್ದ. ಎರಡು ಜಿಬಿ ಕಾರ್ಡಿನಲ್ಲಿ ನಾನೂರು ಹಾಡು. ಮೂರು ನಿಮಿಷದ ಮಿಗತೆಯ ಪ್ರಶ್ನೆಯೇ ಇಲ್ಲ.

ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು. ಅಂತರ್ಜಾಲ ಅದನ್ನು ಕೊಂದಿತು ಎನ್ನುವುದು ತಪ್ಪು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗುವ ಮೊದಲೇ ಮೆಮೊರಿ ಕಾರ್ಡು ಅದನ್ನು ಮುಗಿಸಿತ್ತು. ಹನ್ನೆರಡು ಹಾಡಿನ ಜಾಗವಿದ್ದಾಗ ಹದಿಮೂರನೆಯದನ್ನು ಹೊಡೆದು ಹಾಕಬೇಕಾಗಿತ್ತು. ಗಂಡ ಹೆಂಡತಿ ಕೌಂಟರಿನ ಮುಂದೆ ನಿಂತು ಯಾವುದು ಇರಲಿ, ಯಾವುದು ಬೇಡ ಎಂದು ವಾದ ಮಾಡುತ್ತಿದ್ದರು. ಬೇಡ ಎಂದು ಬಿಟ್ಟ ಹಾಡಿಗೂ ಅಲ್ಲಿ ಒಂದು ಸ್ಥಾನ ಇತ್ತು. ಈಗ ಯಾವ ಹಾಡನ್ನೂ ಬಿಡಬೇಕಾಗಿಲ್ಲ, ಹಾಗಾಗಿ ಯಾವುದನ್ನೂ ಆರಿಸಬೇಕಾಗಿಯೂ ಇಲ್ಲ. ಒಂದು ಹಾಡು ಮುಗಿದರೆ ಮುಂದಿನದನ್ನು ಯಂತ್ರವೇ ಹಾಕುತ್ತದೆ. ಗಿರಾಕಿ ಕೇಳದ ಹಾಡನ್ನು ಟೇಪಿನ ಕೊನೆಗೆ ತುರುಕುತ್ತಿದ್ದ ನನಗೆ ಅದರ ಮೇಲೆ ಸಿಟ್ಟು ಬರುವುದಿಲ್ಲ. ನಾನು ಮಾಡುತ್ತಿದ್ದುದನ್ನೇ ಅದೂ ಮಾಡುತ್ತಿದೆ. ಆದರೆ ನಾನು ಹಾಕಿದ್ದು ಗಿರಾಕಿ ಈವರೆಗೆ ಕೇಳದ ಹಾಡು. ಏಕೆಂದರೆ ನನಗೆ ಬೇಕಾಗಿದ್ದದ್ದು ಮೂರು ನಿಮಿಷದ ಉದ್ದ ಮಾತ್ರ, ಅವನ ಇಷ್ಟವಲ್ಲ. ಯಂತ್ರ ಹಾಕುವುದು ಅವನು ಈಗಾಗಲೇ ಕೇಳಿದ್ದರ ಹಾಗೇ ಇರುವುದನ್ನು. ಅವನ ರುಚಿಯ ಬಗ್ಗೆ ಅದಕ್ಕೆ ನನಗಿಂತ ಎಷ್ಟೋ ಹೆಚ್ಚು ಗೊತ್ತು. ಹಾಗಾಗಿಯೇ ಅದು ಅವನ ರುಚಿಯನ್ನು ಕೆಡಿಸುವ ಉಪಕಾರ ಮಾಡುವುದಿಲ್ಲ.

ಇದೊಂದನ್ನು ಬಿಟ್ಟರೆ ಈಗಿನದೇ ವಾಸಿ. ನಾವು ಕೊಡುತ್ತಿದ್ದುದು ನಕಲಿನ ನಕಲು. ತಟ್ಟೆಯಿಂದ ಮಾಸ್ಟರ್, ಮಾಸ್ಟರಿನಿಂದ ಗಿರಾಕಿಯ ಟೇಪು, ಅದರಿಂದ ಅವನ ಭಾವಮೈದುನನ ಟೇಪು. ಪ್ರತಿ ಮೆಟ್ಟಿಲಿಗೂ ಸಣ್ಣ ಸ್ವರಗಳು ಉದುರಿ ಸರ್ರೆನ್ನುವ ಸದ್ದು ಏರುತ್ತಿತ್ತು. ಎಪ್ಪತ್ತರ ದಶಕದ ರಾಜನ್–ನಾಗೇಂದ್ರ ಹಾಡುಗಳ ತಳದಲ್ಲಿ ಬೇಸ್ ಗಿಟಾರ್ ಎಷ್ಟು ಚುರುಕಾಗಿ ಓಡಾಡುತ್ತದೆ ಎಂಬುದು ನನಗೆ ಗೊತ್ತಾದದ್ದು ಐವತ್ತರ ವಯಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡಾಗ. ಆ ಹಾಡುಗಳನ್ನು ಊರಿಗೆಲ್ಲ ಹಂಚಿದವನಿಗೇ ಅವು ಪೂರ್ತಿ ಕೇಳಿರಲಿಲ್ಲ. ಬರೆದವರ, ರಾಗ ಹಾಕಿದವರ ಹಕ್ಕಿನ ವಿಷಯದಲ್ಲೂ ಹಾಗೆಯೇ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಮೇಲೆ ಚಿತ್ರಸಾಹಿತಿ, ಸಂಗೀತ ನಿರ್ದೇಶಕರು ತಮ್ಮ ರಾಯಲ್ಟಿಯ ಪಾಲನ್ನು ನಿರ್ಮಾಪಕನಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಪೂರ್ತಿ ದುಡ್ಡು ಕೈ ಸೇರುತ್ತದೆಂದಲ್ಲ. ಕೇಳುವ ಹಕ್ಕಾದರೂ ಕಾಗದದ ಮೇಲಿದೆ. ನಮ್ಮ ಕಾಲದಲ್ಲಿ ಕವಿಯ ಹೆಸರನ್ನೇ ನಾವು ಚೀಟಿಯಲ್ಲಿ ಬರೆಯುತ್ತಿರಲಿಲ್ಲ. ಈಗಿನ ಆ್ಯಪುಗಳಲ್ಲೂ ಗಾಯಕನ ಹೆಸರು ದಪ್ಪಕ್ಷರದಲ್ಲಿದ್ದು, ಬರೆದವರನ್ನು ಹುಡುಕಬೇಕಾಗುತ್ತದೆ. ಆ ಕೆಟ್ಟ ಚಾಳಿ ಮಾತ್ರ ತಲೆಮಾರು ದಾಟಿ ಬಂದಿದೆ.

ಇನ್ನೊಂದು ಸಂಗತಿಯೂ ನಮ್ಮವರ ಲೆಕ್ಕಕ್ಕೆ ಬರುವುದಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರು ತಾವೇ ಬರೆದು, ಕೀಬೋರ್ಡು ಹಾಕಿ, ಯೂಟ್ಯೂಬಿಗೆ ಏರಿಸುವ ‘ಡಿಜೆ ಜನಪದ’ ಟ್ರ್ಯಾಕ್ಟರು, ಜಾತ್ರೆ, ಮದುವೆ ಮೆರವಣಿಗೆಗಳಲ್ಲಿ ಅಬ್ಬರಿಸುತ್ತದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಹೆಸರಿಡುವವರೇ ಹೆಚ್ಚು. ಬೆಂಗಳೂರಿನ ಕಂಪನಿ, ಚೆನ್ನೈಯ ಸ್ಟುಡಿಯೊ, ಯಾರ ಅಪ್ಪಣೆಯನ್ನೂ ಕೇಳದೆ ವಿಜಯಪುರ, ಬೆಳಗಾವಿ ಕಡೆಯ ಆಡುಮಾತಿನಲ್ಲಿ ಹಾಡು ಹೊರಡುವುದು ನಮ್ಮ ಕಾಲದಲ್ಲಿ ಇಷ್ಟು ಸುಲಭವಿರಲಿಲ್ಲ. ಅದರಲ್ಲಿ ಜೊಳ್ಳು ಬಹಳ ಇದೆ. ನಮ್ಮ ಗೋಡೆಯ ಮೇಲಿದ್ದ ಎಲ್‌ಪಿಗಳಲ್ಲೂ ಬಹಳ ಇತ್ತು. ಯಾರೂ ಅವನ್ನು ಚೀಟಿಯಲ್ಲಿ ಬರೆಯಲಿಲ್ಲ, ಅವು ಹೋದವು.

ಹಾಗಾದರೆ ಹಳೆಯದಕ್ಕಾಗಿ ಮಾಡಬೇಕಾದದ್ದೇನೂ ಇಲ್ಲವೇ ಎಂದರೆ, ಇದೆ. ಅದು ಸಿನಿಮಾ ಹಾಡಿನದಲ್ಲ. ‘ಪ್ರೇಮಲೋಕ’ಕ್ಕೂ ‘ನಿತ್ಯೋತ್ಸವ’ಕ್ಕೂ ಒಡೆಯರಿದ್ದಾರೆ, ಕಂಪನಿಗಳಿವೆ. ಅವು ಯಾರ ನೆನಪಿನ ಹಂಗೂ ಇಲ್ಲದೆ ಉಳಿಯುತ್ತವೆ. ಒಡೆಯರಿಲ್ಲದ ಟೇಪುಗಳದ್ದು ಬೇರೆ ಕತೆ. ಅದೇ ಎಂಬತ್ತು ತೊಂಬತ್ತರ ದಶಕದಲ್ಲಿ ಊರೂರಿನ ಜನ ಟೂ-ಇನ್-ಒನ್‌ನ ಕೆಂಪು ಗುಂಡಿ ಒತ್ತಿ ತಾವೇ ತುಂಬಿಕೊಂಡದ್ದಿದೆ: ಕಂಪನಿ ನಾಟಕದ ರಂಗಗೀತೆ, ಜಾತ್ರೆಯ ಗೀಗೀಪದ, ಬಯಲಾಟ, ಕರಾವಳಿಯ ತಾಳಮದ್ದಳೆ, ಅಜ್ಜಿ ಹಾಡಿದ ಬೀಸುವ ಪದ, ರೇಡಿಯೊದಲ್ಲಿ ಒಮ್ಮೆ ಬಂದು ಹೋದ ಸುಗಮ ಸಂಗೀತ. ನಮ್ಮ ಅಂಗಡಿಗೂ ಅಂಥವು ಇನ್ನೊಂದು ಪ್ರತಿ ಮಾಡಿಸಲು ಬರುತ್ತಿದ್ದವು. ಕೂಲಿ ಅದೇ, ಆದರೆ ಕೆಲಸ ಬೇಸರದ್ದು ಎಂದು ಯಜಮಾನರು ಅದನ್ನು ಹಿಂದಕ್ಕೆ ತಳ್ಳುತ್ತಿದ್ದರು. ಅದನ್ನು ಹಾಡಿದವರು ಬಹುಪಾಲು ಈಗಿಲ್ಲ. ಇನ್ನೊಂದು ಪ್ರತಿ ಎಲ್ಲೂ ಇರಲಾರದು. ಟೇಪಿನ ಮೇಲಿನ ಕಂದು ಲೇಪ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಹಳತಾದಂತೆ ಪುಡಿಪುಡಿಯಾಗಿ ಹೆಡ್ಡಿಗೆ ಅಂಟುತ್ತದೆ.

ಇದಕ್ಕೆ ಬೇಕಾದದ್ದು ನಡೆಯುವ ಸ್ಥಿತಿಯಲ್ಲಿರುವ ಒಂದು ಪ್ಲೇಯರು, ಹೆಡ್ಡು ಒರೆಸಲು ಸ್ಪಿರಿಟ್ಟು, ಒಂದು ಕೇಬಲ್, ಒಂದು ಲ್ಯಾಪ್‌ಟಾಪ್. ಟೇಪು ಇದ್ದಷ್ಟು ಹೊತ್ತೇ ಕೂರಬೇಕು, ಅಲ್ಲಿ ಅವಸರ ನಡೆಯುವುದಿಲ್ಲ. ಕಡತಕ್ಕೆ ಹಾಡಿದವರ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆದಿಡಬೇಕು. ನಾವು ಬರೆಯದೆ ಬಿಟ್ಟದ್ದೇ ಅದು. ನಿವೃತ್ತರಾಗಿ ಕೂತ, ಬೆಳಗಾದರೆ ಹಳೆಯ ಕಾಲದ ಚಿತ್ರ ಕಳಿಸುವ ನನ್ನ ಓರಗೆಯವರಿಗೆ ಹೊತ್ತಿಗಂತೂ ಬರವಿಲ್ಲ. ಅವರವರ ಮನೆಯ ಅಟ್ಟದಿಂದ ಒಂದೊಂದು ರಟ್ಟಿನ ಪೆಟ್ಟಿಗೆ ಇಳಿಸಿದರೆ ಸಾಕು. ಪೂರ್ತಿ ಹಾಳಾದ ಟೇಪನ್ನು ಬಿಸಾಡಿ, ಮುಂದಿನದನ್ನು ಹಾಕಿ.